ಕೊನೆಯ 19 ಕಿಲೋಮೀಟರ್ ವ್ಯಾನಿನಲ್ಲಿ ಹೋದೆ. ಹಣ ಕೊಟ್ಟವರಿಗೆ ಏನು ಹೇಳಲಿ?

ಕೋಟೆಯ ಸೈಕಲ್

ಎಲ್ಲರಿಗೂ ನಮಸ್ಕಾರ. ಕಾನ್ಸಾಸ್ ರಾಜ್ಯದ ಸ್ಕಾಟ್ ಸಿಟಿಯಿಂದ ಬರೆಯುತ್ತಿದ್ದೇನೆ. ಊಟವಾಗಿದೆ, ಸ್ನಾನವಾಗಿದೆ, ಮನಸ್ಸು ಮಾತ್ರ ಸರಿಯಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ನಿಧಿಗೆಂದು ನಾವು ಇಪ್ಪತ್ತೆರಡು ಜನ ಅಮೆರಿಕವನ್ನು ಸೈಕಲ್ಲಿನಲ್ಲಿ ದಾಟುತ್ತಿದ್ದೇವೆ. ಪೆಸಿಫಿಕ್ ದಡದ ಅಸ್ಟೋರಿಯಾದಿಂದ ಅಟ್ಲಾಂಟಿಕ್ ಕಡೆಯ ಯಾರ್ಕ್‌ಟೌನ್‌ವರೆಗೆ ಸುಮಾರು 6,800 ಕಿ.ಮೀ. ಈ ದಾರಿ ಹೊಸದಲ್ಲ. 1976ರಲ್ಲಿ ಈ ದೇಶ ಸ್ವಾತಂತ್ರ್ಯದ ಇನ್ನೂರನೆಯ ವರ್ಷ ಆಚರಿಸಿದಾಗ ಸಾವಿರಾರು ಜನ ಸೈಕಲ್ ತುಳಿದು ಹಾಕಿಕೊಟ್ಟ ದಾರಿ. ನನಗೆ ಹಣ ಕೊಡುತ್ತೇನೆಂದವರಲ್ಲಿ ಹನ್ನೊಂದು ಜನ ಕಿಲೋಮೀಟರ್ ಲೆಕ್ಕದಲ್ಲಿ ಒಪ್ಪಿಕೊಂಡಿದ್ದಾರೆ. ಎಲ್ಲರದೂ ಸೇರಿದರೆ ಕಿಲೋಮೀಟರಿಗೆ 1 ಡಾಲರ್ 40 ಸೆಂಟ್. ಅದರಲ್ಲಿ ಹಿರಿಯೂರಿನ ನನ್ನ ಸೋದರತ್ತೆಯದು ಕಿಲೋಮೀಟರಿಗೆ ಒಂದು ರೂಪಾಯಿ. ಅವರು ಅದಕ್ಕೆಂದೇ ಒಂದು ನೋಟ್ ಪುಸ್ತಕ ಇಟ್ಟುಕೊಂಡು ದಿನದಿನದ ಲೆಕ್ಕ ಬರೆಯುತ್ತಾರೆ.

ಇವತ್ತಿನ ದಿನ ಇಡೀ ಯಾತ್ರೆಯಲ್ಲೇ ಉದ್ದದ್ದು. ಕೊಲರಾಡೊದ ಈಡ್ಸ್‌ನಿಂದ ಇಲ್ಲಿಗೆ 169 ಕಿ.ಮೀ. ರಾಕಿ ಪರ್ವತ ದಾಟಿ ಆಗಿದೆ. 3,500 ಮೀಟರ್ ಎತ್ತರದ ಹೂಸಿಯರ್ ಕಣಿವೆ ಹತ್ತುವಾಗ ಉಸಿರು ಸಿಕ್ಕದೆ ಹೋಗಿತ್ತು, ಆದರೂ ಒಂದು ಮೊಳ ದೂರವನ್ನೂ ಬಿಟ್ಟಿರಲಿಲ್ಲ. ಇವತ್ತು ಏರೇ ಇಲ್ಲ. ಈಡ್ಸ್ ಸುಮಾರು 1,280 ಮೀಟರ್ ಎತ್ತರ, ಸ್ಕಾಟ್ ಸಿಟಿ 900. ದಿನವಿಡೀ ಇಳಿಜಾರು! ಬೆಳಿಗ್ಗೆ ನಕ್ಷೆ ನೋಡಿ ನಕ್ಕಿದ್ದೆವು.

ಐದೂವರೆಗೆ ಹೊರಡಬೇಕು, ನೋಡಿದರೆ ಎರಡೂ ಚಕ್ರ ನೆಲಕ್ಕೆ ಕೂತಿವೆ. ರಾತ್ರಿ ಉದ್ಯಾನದ ಒಣಹುಲ್ಲಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗಿದ್ದೇ ತಪ್ಪು. ಮುಂದಿನ ಟಯರಿನಲ್ಲೇ ಏಳು ಮುಳ್ಳು. ಇವರು ಅದಕ್ಕೆ ಮೇಕೆತಲೆ ಎನ್ನುತ್ತಾರೆ. ಒಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಎರಡು ಕೊಂಬು, ಗಟ್ಟಿ ಬೀಜ, ಬೂದು ಬಣ್ಣ. ಚಿಕ್ಕಂದಿನಲ್ಲಿ ಚಳ್ಳಕೆರೆ ರಸ್ತೆಯ ಪಕ್ಕ ಬರಿಗಾಲಲ್ಲಿ ಓಡಿದವನಿಗೆ ಇದರ ಗುರುತು ಹತ್ತದೆ ಇರುತ್ತದೆಯೇ? ನೆಗ್ಗಿಲ ಮುಳ್ಳು! ಹತ್ತು ಸಾವಿರ ಮೈಲಿ ದೂರ ಬಂದು ನೆಂಟರನ್ನು ಕಂಡಂತಾಯಿತು. ಟ್ಯೂಬ್ ಬದಲಿಸುವುದಕ್ಕೆ ಐವತ್ತು ನಿಮಿಷ ಹೋಯಿತು.

ಟ್ರಿಬ್ಯೂನ್ ಎಂಬ ಊರಿಗೆ 93 ಕಿ.ಮೀ. ಹನ್ನೊಂದು ಇಪ್ಪತ್ತಕ್ಕೆ ತಲುಪಿದೆ. ಅಲ್ಲಿಯವರೆಗೆ ದೂರಿಲ್ಲ. ಹತ್ತು ಗಂಟೆಯ ಮೇಲೆ ಗಾಳಿ ಎದ್ದಿತು ನೋಡಿ, ಆಗ್ನೇಯದಿಂದ, ಗಂಟೆಗೆ 35 ಕಿ.ಮೀ. ನಾವು ಹೋಗುವುದು ನೇರ ಪೂರ್ವಕ್ಕೆ. ಟ್ರಿಬ್ಯೂನ್‌ನಿಂದ ಲಿಯೋಟಿಗೆ 36 ಕಿ.ಮೀ., ಅದಕ್ಕೆ ಎರಡು ಗಂಟೆ ನಲವತ್ತು ನಿಮಿಷ. ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಸೈಕಲ್ ನಿಂತೇ ಬಿಡುತ್ತದೆ. ಇಲ್ಲಿ ಪ್ರತಿ ಊರಿಗೂ ಕಾಂಕ್ರೀಟಿನ ಒಂದು ಕಣಜ, ಹತ್ತು ಮಾಳಿಗೆಯಷ್ಟು ಎತ್ತರ. ಕಣಜ ಕಾಣಿಸಿತು, ಊರು ಬಂತು ಎಂದುಕೊಳ್ಳುತ್ತೇವೆ. ಮುಕ್ಕಾಲು ತಾಸು ತುಳಿದರೂ ಕಣಜ ಇದ್ದಲ್ಲೇ ಇರುತ್ತದೆ.

ಸಾಲದ್ದಕ್ಕೆ ದಾರಿಯಲ್ಲಿ ಕೌಂಟಿಯ ಗಡಿ ದಾಟಿದಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಕಾನ್ಸಾಸ್‌ನ ಪಶ್ಚಿಮ ಅಂಚಿನ ನಾಲ್ಕು ಕೌಂಟಿಗಳು ಮಾತ್ರ ಕೊಲರಾಡೊದ ಸಮಯ ಇಟ್ಟುಕೊಂಡಿವೆ. ಲಿಯೋಟಿಗೆ ಬಂದಾಗ ನನ್ನ ಕೈಗಡಿಯಾರದಲ್ಲಿ 2:50, ಪೆಟ್ರೋಲ್ ಬಂಕಿನ ಗೋಡೆಯಲ್ಲಿ 3:50.

ಮೋಡಾಕ್ ಎಂಬ ನಾಲ್ಕು ಮನೆಯ ಊರಿನ ಕಣಜದ ನೆರಳಿನಲ್ಲಿ ನಿಂತು ನೀರು ಕುಡಿಯುತ್ತಿದ್ದೆ. ಸಂಜೆ 5:50. ನಮ್ಮ ಸಹಾಯದ ವ್ಯಾನ್ ಬಂತು. ಚಾಲಕಿ ಕಿಟಕಿ ಇಳಿಸಿ “ಹತ್ತುತ್ತೀರಾ?” ಎಂದರು. ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ, ಹೂಂ ಎಂದುಬಿಟ್ಟಿತು. ಸೀಟಿನಲ್ಲಿ ಕೂತ ಮೇಲೆ ಕತ್ತಲಾಗುತ್ತಿತ್ತು, ಒಳ್ಳೆಯದೇ ಆಯಿತು ಎಂದು ಸಮಾಧಾನ ಹೇಳಿಕೊಂಡೆ.

ಉಳಿದಿದ್ದದ್ದು 19 ಕಿ.ಮೀ. ಡಾಲರಿನಲ್ಲಿ 26 ಡಾಲರ್ 60 ಸೆಂಟ್. ನಾಳೆ ಇಲ್ಲಿಯೇ ವಿಶ್ರಾಂತಿಯ ದಿನ. ಏನು ಮಾಡಲಿ, ಹೇಳಿ.

ನಂಜನಗೂಡು ರಸಬಾಳೆ

ಅಣ್ಣ, ಮೊದಲು ನಿದ್ದೆ ಮಾಡಿ. 150 ಕಿಲೋಮೀಟರ್ ತುಳಿದವರು 19ಕ್ಕೆ ಕೊರಗುವುದು ನೋಡಿದರೆ ನನಗೆ ನಗು ಬರುತ್ತದೆ. ನಾನು ಬೆಳಿಗ್ಗೆ ಚಾಮುಂಡಿ ಬೆಟ್ಟದ ಅರ್ಧಕ್ಕೆ ಇಳಿದು ತಳ್ಳಿಕೊಂಡು ಹೋದರೂ ಮನೆಯಲ್ಲಿ ಪೂರ್ತಿ ತುಳಿದೆ ಎಂದೇ ಹೇಳುತ್ತೇನೆ.

ಲೆಕ್ಕದ ಮೇಷ್ಟ್ರು

ಎರಡು ಲೆಕ್ಕ ಇವೆ. ಒಂದು ನಿಮ್ಮ ಪರ, ಒಂದು ವಿರೋಧ.

ಪರವಾದದ್ದು: ಗಾಳಿ ಆಗ್ನೇಯದಿಂದ, ನೀವು ಪೂರ್ವಕ್ಕೆ. ನಡುವಿನ ಕೋನ 45 ಡಿಗ್ರಿ. ಹಾಗಾದರೆ 35ರಲ್ಲಿ ಸುಮಾರು 25 ಕಿ.ಮೀ. ನೇರ ಎದೆಗೆ ಬರುತ್ತದೆ. ನಿಮ್ಮ ವೇಗ 14 ಎಂದು ಹಿಡಿಯೋಣ. ಮೈಗೆ ತಾಗುವ ಗಾಳಿ 39. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 39ನ್ನು 14ರಿಂದ ಭಾಗಿಸಿ ವರ್ಗ ಮಾಡಿದರೆ ಏಳೂಮುಕ್ಕಾಲು. ಅಂದರೆ ಗಾಳಿಯಿಲ್ಲದ ದಿನ ಅದೇ ವೇಗದಲ್ಲಿ ಹೋಗುವಾಗ ಎಷ್ಟು ತಡೆ ಇರುತ್ತದೋ ಅದರ ಏಳೂಮುಕ್ಕಾಲು ಪಟ್ಟನ್ನು ನೀವು ನೂಕಿದ್ದೀರಿ. ಅಡ್ಡಗಾಳಿಯ ಭಾಗವನ್ನು ನಾನು ಬಿಟ್ಟಿದ್ದೇನೆ, ಅದನ್ನು ಸೇರಿಸಿದರೆ ಇನ್ನೂ ಹೆಚ್ಚು.

ವಿರೋಧವಾದದ್ದು: ಕತ್ತಲಾಗುತ್ತಿತ್ತು ಎಂದು ಬರೆದಿದ್ದೀರಿ. ಜೂನ್ ಕೊನೆಯಲ್ಲಿ ಆ ಊರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ದಾಟಿದ ಮೇಲೆ. 5:50ಕ್ಕೆ ಹೊರಟಿದ್ದರೆ ನಿಂತು ನಿಂತು ಹೋದರೂ ಏಳೂವರೆಗೆ ತಲುಪುತ್ತಿದ್ದಿರಿ. ಗಡಿಯಾರ ಮುಂದಕ್ಕೆ ಹೋಯಿತು, ಸರಿ. ಸೂರ್ಯ ಕೌಂಟಿಯ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಕೋಟೆಯ ಸೈಕಲ್

ಮೇಷ್ಟ್ರೇ, ಸಿಕ್ಕಿಬಿದ್ದೆ. ವ್ಯಾನಿನಿಂದ ಇಳಿದಾಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕತ್ತಲು ನನ್ನ ತಲೆಯೊಳಗಿನದು.

ಬೆಳವಲದವನು

ನೆಗ್ಗಿಲು ಓದಿ ಎದ್ದು ಕುಳಿತೆ ನೋಡಿ. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನೆಲಕ್ಕೆ ಅಂಟಿ ಹಬ್ಬುವುದು ಅದೇ. ಆಯುರ್ವೇದದವರು ಗೋಕ್ಷುರ ಎನ್ನುತ್ತಾರೆ, ಮೂತ್ರದ ಕಲ್ಲಿಗೆ ಕಷಾಯ ಕೊಡುತ್ತಾರೆ. ಅದು ಅಮೆರಿಕದ ಮೂಲದ್ದಲ್ಲ, ಹಳೆಯ ಜಗತ್ತಿನಿಂದ ಹೋಗಿ ಬೇರೂರಿದ್ದು. ಎಲ್ಲ ಕಡೆ ಮುಳ್ಳಿನ ಲಕ್ಷಣ ಒಂದೇ, ಹೇಗೆ ಬಿದ್ದರೂ ಒಂದು ಕೊಂಬು ಮೇಲೆಯೇ ಇರುತ್ತದೆ. ಮುಂದಿನ ಸಲ ಹುಲ್ಲಿನ ಮೇಲೆ ಸೈಕಲ್ಲನ್ನು ಹೊತ್ತುಕೊಂಡು ಹೋಗಿ. ಸಿಕ್ಕಿದ ಮುಳ್ಳನ್ನು ಇಕ್ಕಳದಿಂದ ಕಿತ್ತಾದ ಮೇಲೆ ಟಯರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ತುದಿ ಮುರಿದು ಒಳಗೇ ಉಳಿದಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಂಡು ತೋರಿಸುತ್ತದೆ.

ಇನ್ನೊಂದು ಮಾತು. ಅಲ್ಲಿ ಜೋಳ ಕಂಡಿರಾ? ಅಮೆರಿಕದಲ್ಲಿ ಜೋಳ ಹೆಚ್ಚು ಬೆಳೆಯುವ ರಾಜ್ಯ ಕಾನ್ಸಾಸ್ ಎಂದು ಓದಿದ್ದೇನೆ.

ಕೋಟೆಯ ಸೈಕಲ್

ಕಂಡೆ ಅಣ್ಣಾ. ಈಗಿನ್ನೂ ಗೇಣುದ್ದ ಇದೆ. ಇವರು ಮೈಲೊ ಎನ್ನುತ್ತಾರೆ. ಟ್ರಿಬ್ಯೂನ್‌ನಲ್ಲಿ ಊಟ ಮಾಡುವಾಗ ಪಕ್ಕದ ಮೇಜಿನ ರೈತರೊಬ್ಬರಿಗೆ ನಮ್ಮ ಕಡೆ ಇದರಿಂದ ರೊಟ್ಟಿ ಬಡಿಯುತ್ತಾರೆ ಎಂದೆ. ಅವರು ಫೋರ್ಕ್ ಕೆಳಗಿಟ್ಟರು. “ನಾವು ದನಕ್ಕೆ ಹಾಕುತ್ತೇವೆ” ಎಂದರು. ಆಮೇಲೆ ರೊಟ್ಟಿಗೆ ಹಿಟ್ಟು ಹೇಗೆ ಹಿಡಿದುಕೊಳ್ಳುತ್ತದೆ, ಅದರಲ್ಲಿ ಅಂಟು ಇಲ್ಲವಲ್ಲ ಎಂದು ಕೇಳಿದರು. ಕುದಿಯುವ ನೀರು ಹಾಕಿ ನಾದುತ್ತಾರೆ ಎಂದೆ. ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡರು. ಗೋಧಿಯ ಕೊಯ್ಲು ನಡೆದಿದೆ, ಅವರಿಗೆ ನಿಂತು ಮಾತನಾಡಲು ಪುರುಸೊತ್ತಿಲ್ಲ. ಕೊಯ್ಯುವ ಯಂತ್ರಗಳ ತಂಡಗಳು ಟೆಕ್ಸಸ್‌ನಿಂದ ಶುರುಮಾಡಿ ಬೆಳೆ ಹಣ್ಣಾದಂತೆಲ್ಲ ಉತ್ತರಕ್ಕೆ ಹೋಗುತ್ತವಂತೆ. ಗೋಧಿ ಹೊತ್ತ ಲಾರಿ ಪಕ್ಕದಲ್ಲಿ ಹೋದರೆ ಒಂದು ಕ್ಷಣ ಗಾಳಿ ನಿಲ್ಲುತ್ತದೆ, ಮರುಕ್ಷಣ ಕಪಾಳಕ್ಕೆ ಹೊಡೆದಂತೆ ವಾಪಸ್ ಬರುತ್ತದೆ. ಮುಖವೆಲ್ಲ ಹೊಟ್ಟು.

ಒಂದೇ ಪ್ರಶ್ನೆ

ನೇರವಾಗಿ ಕೇಳುತ್ತೇನೆ, ಬೇಸರ ಬೇಡ. ವಿಮಾನದ ಟಿಕೆಟ್, ಸೈಕಲ್, ವ್ಯಾನ್, ಎರಡು ತಿಂಗಳ ಊಟ, ಎರಡು ತಿಂಗಳ ಸಂಬಳ. ಇಷ್ಟನ್ನೂ ನೇರವಾಗಿ ನಿಧಿಗೆ ಕೊಟ್ಟಿದ್ದರೆ ಹೆಚ್ಚು ಮಕ್ಕಳಿಗೆ ಸಿಗುತ್ತಿರಲಿಲ್ಲವೇ? ನಿಮಗೆ ಸೈಕಲ್ ಪ್ರವಾಸ ಬೇಕಿತ್ತು. ಅದಕ್ಕೆ ಧರ್ಮದ ಹೆಸರು ಕೊಟ್ಟಿದ್ದೀರಿ. ಈಗ 19 ಕಿಲೋಮೀಟರಿಗೆ ಅಳುವುದು ಆ ನಾಟಕದ ಮುಂದಿನ ಅಂಕ.

ನಂಜನಗೂಡು ರಸಬಾಳೆ

ಇದೊಂದು ಬಾಕಿ ಇತ್ತು. ಮನೆಯಲ್ಲಿ ಕುಳಿತವರು ಆ ಟಿಕೆಟ್ಟಿನ ಹಣವನ್ನು ದಾನ ಕೊಟ್ಟಿರುತ್ತಾರೆಯೇ? ನೀವು ಕಳೆದ ವರ್ಷ ಗೋವಾಕ್ಕೆ ಹೋದ ಫೋಟೊ ಇದೇ ವೇದಿಕೆಯಲ್ಲಿ ಹಾಕಿದ್ದಿರಿ. ಹಾಗೆ ಲೆಕ್ಕ ಹಿಡಿದರೆ ಅದೂ ಮಕ್ಕಳ ಹಣವೇ.

ಕೋಟೆಯ ಸೈಕಲ್

ಅಕ್ಕ, ಅವರು ಕೇಳಿದ್ದರಲ್ಲಿ ಅರ್ಧ ನಿಜ. ನನಗೆ ಪ್ರವಾಸ ಬೇಕಿತ್ತು. ಹತ್ತು ವರ್ಷದಿಂದ ಬೇಕಿತ್ತು. ನನ್ನ ಖರ್ಚು ನನ್ನದು, ಜನ ಕೊಟ್ಟದ್ದರಲ್ಲಿ ಒಂದು ಪೈಸೆಯೂ ವ್ಯಾನಿಗೆ ಹೋಗುವುದಿಲ್ಲ. ಆದರೂ ನಾನು ಸುಮ್ಮನೆ ಕೈಯೊಡ್ಡಿದ್ದರೆ ಆ ಹನ್ನೊಂದು ಜನರಲ್ಲಿ ಎಷ್ಟು ಜನ ಕೊಡುತ್ತಿದ್ದರು ಎಂದು ಯೋಚಿಸಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಕೊಟ್ಟದ್ದು, ಈ ಹೊಟ್ಟೆ ಹೊತ್ತುಕೊಂಡು ನೀನು ರಾಕಿ ದಾಟುವುದಿಲ್ಲ ಎಂಬ ಪಂತದಿಂದ. ಅವರಿಗೆ ಮಕ್ಕಳ ಆಸ್ಪತ್ರೆ ನೆನಪಿದೆಯೋ ಇಲ್ಲವೋ, ನನ್ನ ಹೊಟ್ಟೆ ಚೆನ್ನಾಗಿ ನೆನಪಿದೆ.

ಅದಕ್ಕೇ 19 ಚುಚ್ಚುತ್ತಿದೆ. ಅವರು ಕೊಟ್ಟದ್ದು ತುಳಿದದ್ದಕ್ಕೆ. ನಾನು ತುಳಿಯಲಿಲ್ಲ.

ಡೆನ್ವರ್ ಕನ್ನಡಿಗ

ದಾರಿಯ ಬಗ್ಗೆ ಒಂದು ಮಾತು ಸೇರಿಸಲೇ? ಈಡ್ಸ್ ಬಿಟ್ಟು ಪೂರ್ವಕ್ಕೆ ಬಂದಾಗ ಷಿವಿಂಗ್ಟನ್ ಎಂಬ ಹಾಳೂರು ಸಿಕ್ಕಿರಬೇಕು. ಎಲ್ಲ ಸೈಕಲ್ಲಿನವರೂ ಅಲ್ಲಿ ಫೋಟೊ ತೆಗೆಯುತ್ತಾರೆ, ಬಿದ್ದ ಗೋಡೆ ಚೆನ್ನಾಗಿ ಕಾಣುತ್ತದೆಂದು. ಆ ಹೆಸರು ಕರ್ನಲ್ ಜಾನ್ ಷಿವಿಂಗ್ಟನ್‌ನದು. 1864ರ ನವೆಂಬರ್ 29ರಂದು ಅಲ್ಲಿಂದ ಉತ್ತರಕ್ಕೆ ಸ್ಯಾಂಡ್ ಕ್ರೀಕ್ ಹಳ್ಳದ ದಂಡೆಯಲ್ಲಿ ಬಿಡಾರ ಹೂಡಿದ್ದ ಷೈಯೆನ್ ಮತ್ತು ಅರಾಪಾಹೊ ಜನರ ಮೇಲೆ ಅವನ ದಂಡು ಬಿತ್ತು. ಸತ್ತವರು ಸುಮಾರು 230, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಬಿಡಾರದ ಮೇಲೆ ಅಮೆರಿಕದ ಬಾವುಟ ಹಾರುತ್ತಿತ್ತು. 2007ರಲ್ಲಿ ಆ ಜಾಗವನ್ನು ರಾಷ್ಟ್ರೀಯ ಸ್ಮಾರಕ ಮಾಡಿದರು. ಊರಿನ ಹೆಸರು ಹಾಗೆಯೇ ಉಳಿದಿದೆ.

ಲಿಯೋಟಿ ಎಂದು ಬರೆದಿದ್ದೀರಿ. ಬರೆಯುವುದು ಹಾಗೆಯೇ, ಊರವರು ಹೇಳುವುದು ಲಿಯೋಟಾ.

ಕೋಟೆಯ ಸೈಕಲ್

ನಾನೂ ಫೋಟೊ ತೆಗೆದಿದ್ದೆ. ಈಗ ತೆಗೆದು ನೋಡಿದೆ. ಆ ಗೋಡೆಗೆ ಒರಗಿಸಿದ ಸೈಕಲ್ಲು, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ನಾನು. ಹಣ ಕೊಟ್ಟವರಿಗೆಲ್ಲ ಕಳಿಸುವ ಚಿತ್ರಗಳಲ್ಲಿ ಅದು ಮೊದಲನೆಯದಾಗಿತ್ತು. ತೆಗೆದುಹಾಕಿದ್ದೇನೆ.

ಮಲ್ಲಿಗೆಬಳ್ಳಿ

ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕುಳಿತಿದ್ದೆ.

ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳಿಗೆ ಬರುವ ಆ ಬಗೆಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಔಷಧಿಗೆ ಸರ್ಕಾರದ ಯೋಜನೆಯಿಂದ ದಾರಿಯಾಯಿತು. ನಮ್ಮನ್ನು ಹಣ್ಣು ಮಾಡಿದ್ದು ಉಳಿದದ್ದು. ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ಸು, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ, ಅವನಿಗೆ ಜ್ವರ ಬಂದ ರಾತ್ರಿ ಆಟೋದವರು ಕೇಳಿದಷ್ಟು. ಯಜಮಾನರು ಕೆಲಸ ಬಿಟ್ಟರು. ಆ ಕೋಣೆಯ ಬಾಡಿಗೆಯನ್ನು ಏಳು ತಿಂಗಳು ಯಾವುದೋ ನಿಧಿ ಕಟ್ಟಿತು. ಎಲ್ಲೋ ಯಾರೋ ಓಡಿದರಂತೆ, ಅದರಿಂದ ಬಂದ ಹಣವಂತೆ. ಅವರು ಪೂರ್ತಿ ಓಡಿದರೋ ನಡುವೆ ಕೂತರೋ ನಾವು ಕೇಳಲಿಲ್ಲ.

“ಒಂದೇ ಪ್ರಶ್ನೆ”ಯವರೇ, ನಿಮ್ಮ ಪ್ರಶ್ನೆಯನ್ನು ನಾನೂ ಆಗ ಕೇಳಿದ್ದೆ, ಓಡುವುದು ಯಾಕೆ ಎಂದು. ಉತ್ತರ ನನಗೆ ಈಗಲೂ ಸಿಕ್ಕಿಲ್ಲ. ಬಾಡಿಗೆ ಮಾತ್ರ ತಿಂಗಳ ಐದನೆಯ ತಾರೀಕಿಗೆ ತಪ್ಪದೆ ಬರುತ್ತಿತ್ತು. ಮಗ ಈಗ ಒಂಬತ್ತನೆಯ ತರಗತಿ. ಸೈಕಲ್ ಬೇಕೆಂದು ಗಲಾಟೆ ಮಾಡುತ್ತಿದ್ದಾನೆ.

ಒಂದೇ ಪ್ರಶ್ನೆ

ಮೇಡಂ, ನಿಮ್ಮ ಮುಂದೆ ವಾದ ಮಾಡುವುದಿಲ್ಲ. ನನ್ನ ಪ್ರಶ್ನೆ ಹಾಗೆಯೇ ಇದೆ, ನಾಟಕ ಎಂದ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ಬೆಳವಲದವನು

ಕೋಟೆಯವರೇ, ನನ್ನ ಅಭಿಪ್ರಾಯ ಕೇಳಿದರೆ ನಾಳೆ ಬೆಳಿಗ್ಗೆ ಮೋಡಾಕ್‌ಗೆ ಹೋಗಿ ಅಲ್ಲಿಂದ ತುಳಿದುಕೊಂಡು ಬನ್ನಿ. ಬಿಟ್ಟ ಸಾಲನ್ನು ಮರುದಿನ ಬಿತ್ತುವುದಿಲ್ಲವೇ?

ನಂಜನಗೂಡು ರಸಬಾಳೆ

ವಿಶ್ರಾಂತಿಯ ದಿನ ಎಂದರೆ ವಿಶ್ರಾಂತಿಯ ದಿನ. ಮೊಣಕಾಲು ಹೋದರೆ ಮುಂದಿನ ಮೂರು ಸಾವಿರ ಕಿಲೋಮೀಟರ್ ಯಾರು ತುಳಿಯುತ್ತಾರೆ? ಮೊದಲು ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಯಿರಿ. ಕುಳಿತುಕೊಳ್ಳುವ ಜಾಗ ಉಜ್ಜಿ ಕೆಂಪಾಗಿದ್ದರೆ ನಾಚಿಕೆ ಬಿಟ್ಟು ಮುಲಾಮು ಹಚ್ಚಿ. ನಾನು ಮೈಸೂರಿನಿಂದ ಊಟಿಗೆ ಹೋದಾಗ ಅದೊಂದನ್ನು ಕಡೆಗಣಿಸಿ ಗೂಡಲೂರಿನಿಂದ ನಿಂತುಕೊಂಡೇ ತುಳಿದಿದ್ದೇನೆ. ಮಾನಸಿಕ ಪ್ರಾಯಶ್ಚಿತ್ತವೆಲ್ಲ ಆಮೇಲೆ.

ಲೆಕ್ಕದ ಮೇಷ್ಟ್ರು

ಹೋಗುವುದಾದರೆ ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ. ಬಯಲಿನಲ್ಲಿ ನೆಲ ಕಾದ ಮೇಲೆಯೇ ಮೇಲಿನ ಜೋರು ಗಾಳಿ ಕೆಳಗಿಳಿದು ಬೆರೆಯುವುದು. ಇವತ್ತು ನಿಮಗೆ ಹತ್ತು ಗಂಟೆಯ ಮೇಲೆ ಗಾಳಿ ಎದ್ದದ್ದು ಅದಕ್ಕೇ. ಆದರೆ ಗಾಳಿಯಿಲ್ಲದೆ ತುಳಿದ 19 ಕಿಲೋಮೀಟರ್ ಇವತ್ತು ಬಿಟ್ಟ 19ಕ್ಕೆ ಸಮವಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕೋಟೆಯ ಸೈಕಲ್

ಹನ್ನೊಂದು ಜನರಿಗೂ ಬರೆದೆ. ಎರಡೇ ಸಾಲು. 169ರಲ್ಲಿ 150 ತುಳಿದೆ, 19 ವ್ಯಾನಿನಲ್ಲಿ ಬಂದೆ, ಕತ್ತಲಾಗಿರಲಿಲ್ಲ, ಅಪಘಾತವಾಗಿರಲಿಲ್ಲ, ಸಾಕೆನಿಸಿತು.

ಏಳು ಜನರಿಂದ ಉತ್ತರ ಬಂತು. ಎಲ್ಲರದೂ ಒಂದೇ ರಾಗ, ಪರವಾಗಿಲ್ಲ ಬಿಡಿ, ಪೂರ್ತಿ ಕೊಡುತ್ತೇವೆ. ಪಂತ ಕಟ್ಟಿದ ಸಹೋದ್ಯೋಗಿ ಒಂದು ವ್ಯಾನಿನ ಚಿತ್ರ ಕಳಿಸಿದ್ದಾರೆ, ಬೇರೇನೂ ಬರೆದಿಲ್ಲ.

ಅತ್ತೆಗೆ ಬರೆದರೆ ಆಗುವುದಿಲ್ಲ, ಫೋನ್ ಮಾಡಿದೆ. ಇಲ್ಲಿ ರಾತ್ರಿ ಹತ್ತು, ಅಲ್ಲಿ ಬೆಳಿಗ್ಗೆ ಎಂಟೂವರೆ, ಅವರು ಪೂಜೆ ಮುಗಿಸಿ ಕುಳಿತಿದ್ದರು. ಎಲ್ಲ ಹೇಳಿದೆ. “ಇರು” ಎಂದರು. ಪುಸ್ತಕ ಮಗುಚುವ ಸದ್ದು ಕೇಳಿಸಿತು. “169 ಎಂದು ಮೊನ್ನೆಯೇ ಹೇಳಿದ್ದೆಯಲ್ಲ, ಪೆನ್ನಿನಲ್ಲಿ ಬರೆದುಬಿಟ್ಟಿದ್ದೆ. ಹೊಡೆದುಹಾಕಿ 150 ಎಂದು ಮಾಡಿದ್ದೇನೆ. ಊಟವಾಯಿತೇ?”

ಅಷ್ಟೇ. ಹನ್ನೊಂದು ಜನರಲ್ಲಿ 19 ಕಳೆದವರು ಅವರೊಬ್ಬರೇ. ಏಕೋ ಏನೋ, ಆಮೇಲೆ ಒಳ್ಳೆಯ ನಿದ್ದೆ ಬರುವ ಸೂಚನೆ ಕಾಣುತ್ತಿದೆ.

ಮಲ್ಲಿಗೆಬಳ್ಳಿ

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕೋಟೆಯ ಸೈಕಲ್

ಹೋಗಿ ಬಂದೆ.

ಬೆಳಿಗ್ಗೆ ಆರೂಕಾಲಕ್ಕೆ ಹೊರಟೆ. ಊರ ಹೊರಗೆ ದನ ಕೊಬ್ಬಿಸುವ ದೊಡ್ಡ ದೊಡ್ಡ ಕಟ್ಟೆಗಳಿವೆ, ಸಾವಿರಾರು ದನ, ಆ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ನಿನ್ನೆ ವ್ಯಾನಿನ ಕಿಟಕಿ ಹಾಕಿತ್ತು, ಗೊತ್ತಾಗಿರಲಿಲ್ಲ. ರಸ್ತೆಯ ಪಕ್ಕದ ಬೇಲಿ ತಂತಿಯ ಮೇಲೆ ಕೂತ ಹಕ್ಕಿಗಳು ಹಾರದೆ ಹಾಗೇ ನೋಡುತ್ತಿದ್ದವು. ಗಾಳಿ ಇಲ್ಲವೇ ಇಲ್ಲ. ಹುಲ್ಲು ಅಲುಗುತ್ತಿರಲಿಲ್ಲ.

ಮೋಡಾಕ್ ಕಣಜದ ಬುಡದಲ್ಲಿ ನಿನ್ನೆ ನಾನು ನಿಂತಿದ್ದ ಜಾಗ ಹುಡುಕಿದೆ. ನಾನು ತಿಂದು ಎಸೆದ ಮೋಸಂಬಿಯ ಸಿಪ್ಪೆ ಇತ್ತು. ಎತ್ತಿ ಜೇಬಿಗೆ ಹಾಕಿಕೊಂಡು ಅಲ್ಲಿಂದಲೇ ಹೊರಟೆ. 19 ಕಿಲೋಮೀಟರ್, 46 ನಿಮಿಷ. ನಿನ್ನೆ ಜೀವ ತೆಗೆದ ರಸ್ತೆ ಇದೇನಾ ಎಂದು ಎರಡು ಸಲ ತಿರುಗಿ ನೋಡಿದೆ. ಮೇಷ್ಟ್ರು ಹೇಳಿದ್ದು ಸರಿ, ಇದು ಆ 19 ಅಲ್ಲ. ಏನೋ ಗೆದ್ದೆ ಎನ್ನಿಸಲಿಲ್ಲ. ಸುಲಭವಾಗಿದ್ದಕ್ಕೆ ಸ್ವಲ್ಪ ಬೇಸರವೇ ಆಯಿತು.

ಅತ್ತೆಗೆ ಮತ್ತೆ ಫೋನ್ ಮಾಡಿದೆ. “ನಿನ್ನೆಯ ಪುಟ ಮುಗಿಯಿತು, ಅದನ್ನು ಮತ್ತೆ ತಿದ್ದುವುದಿಲ್ಲ. ಇವತ್ತಿನ ಪುಟಕ್ಕೆ ಬರೆಯುತ್ತೇನೆ, ಎಷ್ಟು?” ಎಂದರು. ಹತ್ತೊಂಬತ್ತು ಎಂದೆ. “ಅಲ್ಲಿಗೆ ಹೇಗೆ ಹೋದೆ?” ಸೈಕಲ್ಲಿನಲ್ಲೇ ಎಂದೆ. “ಹಾಗಾದರೆ ಮೂವತ್ತೆಂಟು.” ಹೋಗಿದ್ದು ಹಿಂದಕ್ಕೆ ಅತ್ತೆ, ಅದು ದಾರಿಯ ಲೆಕ್ಕಕ್ಕೆ ಬರುವುದಿಲ್ಲ ಎಂದೆ. “ಕಾಲು ತುಳಿಯಿತೋ ಇಲ್ಲವೋ?” ಎಂದರು.

ಮೂವತ್ತೆಂಟು ಬರೆದುಕೊಂಡಿದ್ದಾರೆ.

ಲೆಕ್ಕದ ಮೇಷ್ಟ್ರು

ಅಂದರೆ ಆ ಪುಸ್ತಕದ ಪ್ರಕಾರ ನೀವು ಈಗ 19 ಮುಂದಿದ್ದೀರಿ. ಯಾರ್ಕ್‌ಟೌನ್ ತಲುಪಿದಾಗ ಅಂತರ ಸರಿಮಾಡಲು ಇನ್ನೊಮ್ಮೆ ವ್ಯಾನ್ ಹತ್ತಬಹುದು.

ನಂಜನಗೂಡು ರಸಬಾಳೆ

ಮೇಷ್ಟ್ರೇ, ಅವರ ತಲೆ ಕೆಡಿಸಬೇಡಿ. ಈಗಷ್ಟೇ ಸರಿಹೋಗಿದ್ದಾರೆ.

ಬೆಳವಲದವನು

ಎಲ್ಲ ಸರಿ. ಮೋಡಾಕ್‌ನಲ್ಲಿ ಹುಲ್ಲಿನ ಮೇಲೆ ನಿಂತಿರಲ್ಲ, ಮುಳ್ಳು ಎಷ್ಟು?

ಕೋಟೆಯ ಸೈಕಲ್

ಎರಡು. ಈಗ ಪಂಪು ಹಿಡಿದುಕೊಂಡೇ ಕುಳಿತಿದ್ದೇನೆ.